ಹಸಿ ಹಲಗೆಯ ಗೋಡೆ

ಡಬ್ಬಿಯಲ್ಲಿ ಅಂಟಿಗೆ ಮರದ ಹೊಟ್ಟು ಬೆರೆಸಿ ಕಡ್ಡಿಯಿಂದ ಕಲಸುತ್ತಿದ್ದ ಬಡಗಿಗೆ ಇವತ್ತು ಹದ ಕೂಡಿಬರಲಿಲ್ಲ. ಹೊಟ್ಟು ಹೆಚ್ಚಾದರೆ ಒಣಗಿದ ಮೇಲೆ ಉದುರುತ್ತದೆ, ಅಂಟು ಹೆಚ್ಚಾದರೆ ಕುಗ್ಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ವರ್ಷಕ್ಕೊಂದು ಸಲ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸ. ಈಗ ಹೊಟ್ಟು ಸುರಿಯುವುದು, ಸಾಲದು ಅನ್ನಿಸುವುದು, ಮತ್ತೆ ಸುರಿಯುವುದು. ಬೆಳಿಗ್ಗೆ ಮಗಳು ಆಸ್ಪತ್ರೆಯ ಕೆಲಸಕ್ಕೆ ಹೊರಡುತ್ತ, "ಅಪ್ಪಾ, ನಾಳೆ ಅಮ್ಮನ ವರ್ಷದ ಊಟ ಯಾವ ಕಡೆ?" ಎಂದು ಕೇಳಿದ್ದಳು. "ನೋಡೋಣ" ಅಂದಿದ್ದ. "ನೋಡೋಣ ನೋಡೋಣ ಅಂತ ತಿಂಗಳಿಂದ ನೋಡ್ತಾನೇ ಇದ್ದೀಯ. ಅಡುಗೆ ಮಾಡೋಳು ನಾನು. ಪಾತ್ರೆ ಯಾವ ಬಾಗಿಲಲ್ಲಿ ಹೊತ್ಕೊಂಡು ಹೋಗ್ಬೇಕು ಅಂತಾದ್ರೂ ಹೇಳು." ಹಾಗೆ ಹೇಳುವಾಗ ಅವಳು ಹಲ್ಲಿನಲ್ಲಿ ಒಂದು ಪಿನ್ನು ಕಚ್ಚಿಕೊಂಡು ಇನ್ನೊಂದನ್ನು ತುರುಬಿಗೆ ಸಿಕ್ಕಿಸುತ್ತಿದ್ದಳು, ಥೇಟ್ ಅವಳ ಅಮ್ಮನ ಹಾಗೆ. ವ್ಯತ್ಯಾಸ ಒಂದೇ, ಇವಳ ಪಿನ್ನುಗಳು ನೆಟ್ಟಗಿರುತ್ತವೆ. ಆ ಹೆಂಗಸಿನ ಪಿನ್ನು ಒಂದಾದರೂ ನೆಟ್ಟಗಿದ್ದದ್ದನ್ನು ಅವನು ಕಂಡಿರಲಿಲ್ಲ. "ನಿನ್ನ ತಲೇಲೇನು ಕಲ್ಲು ತುಂಬ್ಕೊಂಡಿದೀಯ, ಪಿನ್ನೆಲ್ಲ ಸೊಟ್ಟಗಾಗಿರುತ್ತೆ?" ಎಂದು ರೇಗಿಸುತ್ತಿದ್ದ. "ಕಲ್ಲಲ್ಲ, ಗಂಡ" ಅನ್ನುತ್ತಿದ್ದಳು ಅವಳು, ನಗದೆ. ಅದರಲ್ಲಿ ನಗುವಂಥದ್ದು ಏನೋ ಇದೆ ಎಂದು ಅವನೇ ನಕ್ಕು ಸುಮ್ಮನಾಗುತ್ತಿದ್ದ.

ಅವರ ಸಭೆಯಲ್ಲಿ ಒಬ್ಬರು ತೀರಿಹೋಗಿ ವರ್ಷ ತುಂಬಿದಾಗ, ರೊಟ್ಟಿ ಮುರಿದಾದ ಮೇಲೆ ಅದೇ ಮೇಜಿನ ಮೇಲೆ ಆ ಮನೆಯವರು ಎಲ್ಲರಿಗೂ ಊಟ ಬಡಿಸುತ್ತಿದ್ದರು. ಹೋದವರ ಜಾಗವೊಂದನ್ನು ಖಾಲಿ ಬಿಟ್ಟು ಉಳಿದವರು ಕೂರುತ್ತಿದ್ದರು. ಅಷ್ಟೇ, ಅದರಲ್ಲಿ ತಲೆ ಕೆಡಿಸಿಕೊಳ್ಳುವುದೇನೂ ಇರಲಿಲ್ಲ. ಆದರೆ ಪ್ರಾರ್ಥನಾ ಮಂದಿರದಲ್ಲಿ ಮೇಜು ಎರಡು, ಬಾಗಿಲು ಎರಡು, ನಡುವೆ ಹಲಗೆಯ ಗೋಡೆ. ಯೆಹೂದ್ಯ ಮನೆತನಗಳಲ್ಲಿ ಹುಟ್ಟಿ ಯೇಸುವನ್ನು ನಂಬಿದವರು ಆ ಕಡೆ. ಬೇರೆ ಜನಾಂಗಗಳಲ್ಲಿ ಹುಟ್ಟಿ ಅದೇ ಯೇಸುವನ್ನು ನಂಬಿದವರು ಈ ಕಡೆ. ಅವನ ಹೆಂಡತಿ ಆ ಕಡೆಯವಳು, ಅವನು ಈ ಕಡೆಯವನು. ವಾರವೆಲ್ಲ ಒಂದೇ ಸೂರಿನ ಕೆಳಗೆ ಉಂಡು, ಜಗಳವಾಡಿ, ಒಂದೇ ಚಾಪೆಯ ಮೇಲೆ ಬೆನ್ನು ತಿರುಗಿಸಿ ಮಲಗಿ, ಸಭೆಯ ದಿನ ಜೊತೆಯಲ್ಲೇ ನಡೆದು ಬಂದು ಮಂದಿರದ ಮುಂದಿನ ದೀಪದ ಕಂಬದ ಹತ್ತಿರ ಅವಳು ಎಡಕ್ಕೆ ಹೋಗುತ್ತಿದ್ದಳು, ಅವನು ಬಲಕ್ಕೆ. ಮುಗಿದ ಮೇಲೆ ಮೊದಲು ಬಂದವರು ಕಂಬದ ಹತ್ತಿರ ಕಾಯುವುದು. ಈಗ ಆ ಕಡೆಯ ಹಿರಿಯರು ಬಂದು, "ಅವಳು ನಮ್ಮ ಮಗಳು, ಊಟ ನಮ್ಮ ಕಡೆ ಆಗ್ಲಿ" ಅಂದಿದ್ದರು. ಈ ಕಡೆಯವರು, "ಮನೆ ಯಜಮಾನರು ನಮ್ಮವರು, ನಮ್ಮ ಕಡೆಯೇ ಸರಿ" ಅಂದಿದ್ದರು. ಇಬ್ಬರದೂ ಮರ್ಯಾದೆಯ ಮಾತೇ. ಆ ಕಡೆ ಬಡಿಸಿದರೆ ಅವನು ಆ ಮೇಜಿಗೆ ಕೂರುವಂತಿಲ್ಲ, ಹೆಂಡತಿಯ ಊಟವನ್ನು ಬಾಗಿಲಲ್ಲಿ ನಿಂತು ನೋಡಬೇಕು. ಈ ಕಡೆ ಬಡಿಸಿದರೆ ಅವಳ ತಮ್ಮ ಬರುವುದಿಲ್ಲ, ಅವಳ ಕಡೆಯ ಒಂದು ನರಪಿಳ್ಳೆಯೂ ಬರುವುದಿಲ್ಲ. ಸತ್ತ ಮೇಲೂ ಅವಳು ಕಂಬದ ಹತ್ತಿರ ಎಡಕ್ಕೆ ತಿರುಗಲೇಬೇಕೆ ಎಂದು ಯೋಚಿಸಿ ಅವನಿಗೆ ರಾತ್ರಿಯ ನಿದ್ದೆ ಕೆಟ್ಟಿತ್ತು.

ಮಂದಿರದ ಬಾಗಿಲಲ್ಲಿ ಕಾರ್ಯದರ್ಶಿ ಬೀಗದ ಕೈ ಹಿಡಿದು ಕಾಯುತ್ತಿದ್ದರು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಯಾರನ್ನು ಕಂಡರೂ ಕೌಂಟರಿನ ಆ ಬದಿಯಲ್ಲಿ ನಿಂತವರನ್ನು ನೋಡುವ ಹಾಗೆ ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. "ಬನ್ನಿ ಸಹೋದರರೇ. ಈ ಸಲ ಗೋಡೆಯ ಸಂದುಗಳನ್ನ ಗಟ್ಟಿಯಾಗಿ ತುಂಬಿಬಿಡಿ. ನಿಮಗೇ ಗೊತ್ತಲ್ಲ ಕಷ್ಟ." ಕಷ್ಟ ಎಲ್ಲರಿಗೂ ಗೊತ್ತಿತ್ತು. ಸಭಾಪಾಲಕರು ಒಬ್ಬರೇ. ಮೊದಲು ಆ ಕಡೆ ಪ್ರಸಂಗ ಮಾಡಿ, ಹೊರಗೆ ಬಂದು ಒಂದು ಲೋಟ ನೀರು ಕುಡಿದು, ಈ ಕಡೆ ಬಂದು ಅದೇ ಪ್ರಸಂಗವನ್ನು ಮತ್ತೆ ಮಾಡುತ್ತಿದ್ದರು. ಅದೇ ಸುವಾರ್ತೆ, ಅದೇ ಕ್ಷಮೆ, ಅದೇ ಶಿಲುಬೆ, ಅಕ್ಷರ ಬದಲಿಲ್ಲ. ಹಲಗೆಯ ಸಂದುಗಳಲ್ಲಿ ಎಲ್ಲವೂ ಕೇಳುತ್ತಿದ್ದುದರಿಂದ ಈ ಕಡೆಯವರಿಗೆ ಅವರು ಬರುವ ಹೊತ್ತಿಗೆ ಪ್ರಸಂಗ ಬಾಯಿಪಾಠವಾಗಿರುತ್ತಿತ್ತು. ಅವರು ತಮಾಷೆಯ ಮಾತಿಗೆ ಉಸಿರೆಳೆದುಕೊಳ್ಳುವಾಗಲೇ ಮುಂದಿನ ಸಾಲಿನ ಅಜ್ಜಿ ನಕ್ಕುಬಿಡುತ್ತಿದ್ದಳು. ಹೋದ ತಿಂಗಳು ಅವರು ಪ್ರಾರ್ಥನೆಗೆ ಕಣ್ಣು ಮುಚ್ಚುವ ಮೊದಲೇ ಯಾರೋ "ಆಮೆನ್" ಅಂದು, ಸಭಾಪಾಲಕರ ಮುಖ ಹುಳ್ಳಗಾಗಿತ್ತು. "ಅವರಿಗೂ ಬೇಜಾರಾಗುತ್ತಲ್ಲ" ಅಂದರು ಕಾರ್ಯದರ್ಶಿ. "ಎರಡೂ ಕಡೆಯಿಂದ ತುಂಬಿ. ಒಂದೇ ಕಡೆಯಿಂದ ತುಂಬ್ತೀರಿ, ಅದಕ್ಕೇ ನಿಲ್ಲಲ್ಲ. ಮತ್ತೆ... ನಾಳೆಯ ಊಟದ್ದು ತೀರ್ಮಾನ ಮಾಡಿದ್ರಾ? ಅಲ್ಲ, ಬೆಂಚು ಹಾಕಿಸ್ಬೇಕಿತ್ತು, ಅದಕ್ಕೆ ಕೇಳ್ದೆ." ಸಂಜೆ ಹೊತ್ತಿಗೆ ಹೇಳುತ್ತೇನೆ ಎಂದು ಬಡಗಿ ಒಳಗೆ ಹೋದ. ಬೀಗದ ಕೈಯನ್ನು ಕಾರ್ಯದರ್ಶಿ ಅವನ ಅಂಗೈಗಿಟ್ಟು ಹೋದರು.

ಒಳಗೆ ಬೆಂಚುಗಳ, ಹಳೆಯ ಮೇಣದ, ಬೀಗ ಹಾಕಿಟ್ಟ ಕೋಣೆಯ ವಾಸನೆ. ಕಿಟಕಿಯ ಬಿಸಿಲು ನೆಲದ ಮೇಲೆ ಸ್ವಲ್ಪ ದೂರ ಬಂದು ಹಲಗೆಯ ಗೋಡೆಗೆ ತಾಗಿ ನಿಂತಿತ್ತು. ಅವನು ಎಂದಿನ ಹಾಗೆ ಎದುರಿನ ತುದಿಯಿಂದ ಶುರುಮಾಡಿದ. ಸಂದಿನಲ್ಲಿ ಹೋದ ವರ್ಷದ ಪುಡಿಯನ್ನು ಉಳಿಯ ಮೂಲೆಯಿಂದ ಕೆರೆದು ತೆಗೆಯುವುದು, ಹೊಸದನ್ನು ಬೆರಳಿನಿಂದ ಒತ್ತುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ಒಂದು ತುದಿ ಗೋಡೆಗೆ ತಗುಲಿದ ಹಾಗೆ ನಿಂತಿದ್ದ ಈ ಕಡೆಯ ಮೇಜು ಅಡ್ಡ ಬಂದಿದ್ದರಿಂದ ಅದನ್ನು ಎಳೆದ. ಅರ್ಧ ಮೇಜು. ಮೂರು ಅಂಚುಗಳನ್ನು ಗುಂಡಗೆ ಉಜ್ಜಿದ್ದ, ನಾಲ್ಕನೆಯದು ಮಾತ್ರ ಗರಗಸ ಬಿಟ್ಟ ಹಾಗೆಯೇ ಚೂಪಾಗಿತ್ತು. ಅದನ್ನು ಗೋಡೆಯ ಕಡೆಗೆ ತಿರುಗಿಸಿಡುತ್ತಿದ್ದರು. ಆ ಚೂಪಿನ ಮೇಲೆ ಬೆರಳಾಡಿಸಿದಾಗ ಅಂಗಿ ಗುಂಡಿಗಳ ವಾಸನೆ ಬಂತು. ಗುಂಡಿಗೆ ವಾಸನೆ ಎಲ್ಲಿಂದ ಬರಬೇಕು, ಬಂದದ್ದು ಮಾವನ, ಅಂದರೆ ಹೆಂಡತಿಯ ಅಪ್ಪನ, ಗುಂಡಿ ಅಂಗಡಿಯದು. ನೆಲದಿಂದ ಮಾಳಿಗೆಯವರೆಗೆ ಪುಟ್ಟ ಪುಟ್ಟ ಡ್ರಾಯರುಗಳು, ಒಂದೊಂದರ ಮುಖದ ಮೇಲೂ ಮಾದರಿಗೆ ಒಂದೊಂದು ಗುಂಡಿ ಹೊಲಿದಿತ್ತು, ಕೋಟಿನದು, ರವಿಕೆಯದು, ಮಗುವಿನ ಅಂಗಿಯದು. ಬಿಗಿಯಾಗಿ ಸಿಕ್ಕಿಕೊಂಡ ಡ್ರಾಯರುಗಳನ್ನು ಸಡಿಲಿಸಲು ಕರೆಸಿದ್ದರು. ಆಗ ಇವನಿಗೆ ಮೀಸೆ ಮೂಡುತ್ತಿದ್ದ ವಯಸ್ಸು. ಕೌಂಟರಿನ ಹಿಂದೆ ಹುಡುಗಿಯೊಬ್ಬಳು ಗುಂಡಿ ವಿಂಗಡಿಸುತ್ತ ಕೂತು, ಇವನು ಡ್ರಾಯರನ್ನು ಎಳೆದಾಗ ಎಲ್ಲ ಚೆಲ್ಲಿಹೋಗಿ ನೆಲದ ತುಂಬ ಉರುಳಿದ್ದನ್ನು ನೋಡಿ, "ಕೆಲಸ ಮಾಡೋಕೆ ಬಂದ್ರೋ ಕೊಡೋಕೆ ಬಂದ್ರೋ?" ಅಂದಿದ್ದಳು. ಇಬ್ಬರೂ ಮೊಣಕಾಲೂರಿ ಮಧ್ಯಾಹ್ನವೆಲ್ಲ ಗುಂಡಿ ಹೆಕ್ಕಿದರು.

ಆ ಸಂಜೆಯೇ ಮಾವ, ಆಗಿನ್ನೂ ಅಂಗಡಿಯ ಯಜಮಾನರು, ಅವನನ್ನು ಮಂದಿರಕ್ಕೆ ಕರೆದುಕೊಂಡು ಬಂದದ್ದು. ಅವನ ಮನೆಯಲ್ಲಿ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ, ಯೇಸು ಎಂದರೆ ಯಾರದೋ ದೇವರು. ಕೈಗೆ ಅಂಟು ಮೆತ್ತಿತ್ತು, ಬಾಗಿಲಲ್ಲೇ ನಿಂತಿದ್ದ. ಒಂದೇ ದೊಡ್ಡ ಕೋಣೆ, ನಡುವೆ ಬಾಗಿಲುಗಳನ್ನೇ ಕಿತ್ತು ಜೋಡಿಸಿದಂತಿದ್ದ ಊಟದ ಹಲಗೆ, ಸುತ್ತ ಜನ ಇಕ್ಕಟ್ಟಿನಲ್ಲಿ ಒಬ್ಬರ ಮೊಣಕೈ ಒಬ್ಬರ ತಟ್ಟೆಯಲ್ಲಿ. ಮಾವ ಅವನ ತೋಳು ಹಿಡಿದು ಕೂರಿಸಿದರು. "ನೋಡಪ್ಪ, ನಾನು ದೇವರ ಮಾತಿನ ಜೊತೆಗೇ ಹುಟ್ಟಿ ಬೆಳೆದವನು. ನೀನು ಇವತ್ತು ಮೊದಲ ಸಲ ಕೇಳ್ತಿದ್ದೀಯ. ನಾನು ಎಷ್ಟು ವರ್ಷ ಕಟ್ಟಳೆ ಹಿಡ್ಕೊಂಡು ನಡೆದೆ, ಒಂದೂ ಪೂರ್ತಿ ಆಗ್ಲಿಲ್ಲ. ಕೊನೆಗೆ ಬರಿಗೈಲಿ ಬಂದು ಇಲ್ಲಿ ಕೂತೆ. ನೀನೂ ಬರಿಗೈಲೇ ಬಂದಿದ್ದೀಯ. ನನಗೊಂದು ಸುವಾರ್ತೆ, ನಿನಗೊಂದು ಅಂತ ದೇವರ ಹತ್ರ ಎರಡಿಲ್ಲ." ಬರಿಗೈಯಲ್ಲ, ಅಂಟುಗೈ ಎಂದು ಹೇಳಬೇಕೆನ್ನಿಸಿ ನಾಲಿಗೆ ಕಚ್ಚಿಕೊಂಡ. ಆ ಹುಡುಗಿ ರೊಟ್ಟಿಯ ತುಂಡನ್ನು ಅವನ ಕಡೆಗೆ ದಾಟಿಸಿದಳು. ಅವನ ಬೆರಳಿಗೆ ಅದು ಅಂಟಿಕೊಂಡಿತು. ಮದುವೆಯಾದ ವರ್ಷ ಅವನು ಸಭೆಗೆ ಆ ಉದ್ದದ ಮೇಜನ್ನು ಮಾಡಿಕೊಟ್ಟ. ಅಂಥ ಅಗಲದ ಹಲಗೆ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಎಳೆ, ನದಿಯ ಹಾಗೆ ಒಂದು ಕಡೆ ಬಾಗಿ ಮತ್ತೆ ನೇರವಾಗುತ್ತಿತ್ತು. ಆ ಮೇಜಿನ ಸುತ್ತ ಕೂತ ವರ್ಷಗಳನ್ನು ನೆನೆದರೆ ಅವನಿಗೆ ಈಗಲೂ ಹೊಟ್ಟೆ ತುಂಬಿದ ಹಾಗಾಗುತ್ತದೆ. ಏನು ತಿಂದೆವೆಂಬುದು ಮರೆತಿದೆ. ಗಲಾಟೆ ನೆನಪಿದೆ. ಮಾವ ಪ್ರತಿ ಸಲವೂ ನೀರಿನ ಲೋಟ ಉರುಳಿಸುತ್ತಿದ್ದರು, ನೀರು ಆ ಎಳೆಯ ಗುಂಟ ಹರಿದು ಯಾರದೋ ಮಡಿಲಿಗೆ ಬೀಳುತ್ತಿತ್ತು, ಯೆಹೂದ್ಯರ ಮಡಿಲೋ ಅನ್ಯರ ಮಡಿಲೋ ನೀರು ಕೇಳುತ್ತಿರಲಿಲ್ಲ.

ಆಮೇಲೆ ದೊಡ್ಡ ಸಭೆಯಿಂದ ಹಿರಿಯರು ನೋಡಲು ಬರುತ್ತಾರೆ ಎಂಬ ಸುದ್ದಿ ಬಂತು. ಯೆಹೂದ್ಯ ಕಟ್ಟಳೆಯ ಜನ, ತಮ್ಮವರು ಅನ್ಯರ ಜೊತೆ ಒಂದೇ ಮೇಜಿನಲ್ಲಿ ಉಣ್ಣುವುದನ್ನು ಕಂಡರೆ ನೊಂದುಕೊಂಡಾರು ಎಂದು ಆಗಿನ ಸಭಾಪಾಲಕರು ಹೆದರಿದರು. ಕೆಟ್ಟವರಲ್ಲ, ಹೆದರಿಕೆಯ ಸ್ವಭಾವ. "ಅವರು ಇರೋವರೆಗೆ ಮಾತ್ರ ನಡುವೆ ಒಂದು ಮರೆ, ಆಮೇಲೆ ತೆಗೆದುಬಿಡೋಣ" ಅಂದರು. ಯಾರೂ ಬೇಡ ಅನ್ನಲಿಲ್ಲ. ಅವನೂ ಅನ್ನಲಿಲ್ಲ, ತನ್ನ ಕೆಲಸಕ್ಕೆ ಕರೆ ಬಂದಿತೆಂದು ಒಳಗೊಳಗೆ ಖುಷಿಯೇ ಆಯಿತೆಂಬುದನ್ನು ಅವನು ಯಾರಿಗೂ ಹೇಳಿಲ್ಲ. ತಾತ್ಕಾಲಿಕ ಎಂದಿದ್ದರಿಂದ ಮೊಳೆ ಹೊಡೆಯದೆ ಎಲ್ಲವನ್ನೂ ತಿರುಪಿನಲ್ಲಿ ಬಿಗಿದ. ಆದರೆ ಒಂದು ಹಲಗೆಯ ನಾಲಿಗೆಯನ್ನು ಇನ್ನೊಂದರ ತೋಡಿಗೆ ಕೂಡಿಸಿ, ಬೆಳಕೂ ತೂರದ ಹಾಗೆ ಮಾಡಿದ. ಅಷ್ಟು ಚೆಂದ ಬೇಕಿರಲಿಲ್ಲ. ಬಟ್ಟೆ ಕಟ್ಟಿದ್ದರೂ ಸಾಕಾಗುತ್ತಿತ್ತು, ಬಟ್ಟೆಯಾಗಿದ್ದರೆ ಹಿರಿಯರು ಹೋದ ದಿನವೇ ಯಾರಾದರೂ ಎಳೆದು ಮಡಚಿಡುತ್ತಿದ್ದರು. ಮೇಜನ್ನೂ ಗರಗಸ ಹಾಕಿ ಎರಡು ಮಾಡಿದ. ಗರಗಸ ಎಳೆಯುವಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಮನೆಗೆ ಹೋಗಿದ್ದಳು. ಹಿರಿಯರು ಬಂದರು, ಉಂಡರು, ಹೊಗಳಿದರು, ಹೋದರು. ಗೋಡೆ ನಿಂತಿತು. ಅಷ್ಟು ಗಟ್ಟಿಯಾಗಿ ಅಷ್ಟು ಅಂದವಾಗಿ ನಿಂತದ್ದನ್ನು ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ. ಇದ್ದರೆ ಇರಲಿ, ಮುಂದಿನ ಸಲ ಬಂದಾಗ ಬೇಕಾಗುತ್ತದೆ ಎಂದರು. ಮಾವ ಬಂದು ಹಲಗೆಯ ಮೇಲೆ ಕೈಯಾಡಿಸಿ, "ಚೆನ್ನಾಗಿ ಮಾಡಿದ್ದೀಯಪ್ಪ. ಕೆಲಸ ತುಂಬ ಚೆನ್ನಾಗಿದೆ" ಅಂದರು. ಬೈದಿದ್ದರೆ ಮರೆಯುತ್ತಿದ್ದ. ಆ ಹೊಗಳಿಕೆ ಇವತ್ತಿಗೂ ಅವನ ಬೆನ್ನಿನಲ್ಲಿ ಸಿಬಿರಿನ ಹಾಗೆ ಉಳಿದಿದೆ. ಆ ದಿನದಿಂದ ಮಾವ ಒಂದು ಹೊಸ ವರಸೆ ಹಿಡಿದರು. ಆ ಕಡೆ ಕೂತು ರೊಟ್ಟಿ ತೆಗೆದುಕೊಂಡು, ತಟ್ಟೆ ಎತ್ತಿಕೊಂಡು ಎಲ್ಲರೆದುರೇ ಬಾಗಿಲಿನಿಂದ ಹೊರಬಿದ್ದು, ಬೀದಿಯಲ್ಲಿ ಸುತ್ತು ಹಾಕಿ, ಈ ಕಡೆಯ ಬಾಗಿಲಿನಿಂದ ಬಂದು ಅಳಿಯನ ಪಕ್ಕ ಕೂತು ಊಟ ಮುಗಿಸುತ್ತಿದ್ದರು. ಕಾಲು ನಡೆಯುವವರೆಗೆ ನಡೆದರು. ಮಳೆ ಬಂದ ದಿನ ತಟ್ಟೆಯ ತುಂಬ ನೀರು. "ಸಾರು ಸ್ವಲ್ಪ ತೆಳ್ಳಗಾಯ್ತು ನೋಡು" ಅಂದು ಅವರೇ ನಗುತ್ತಿದ್ದರು. ಅವನು ಮಾತ್ರ ಒಂದು ದಿನವೂ ಆ ಕಡೆಗೆ ಸುತ್ತು ಹಾಕಲಿಲ್ಲ. ಕರೆಯದೆ ಹೇಗೆ ಹೋಗುವುದು ಅನ್ನಿಸುತ್ತಿತ್ತು, ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದ.

ಆದರೆ ಅವಸರದಲ್ಲಿ ಅವನು ಬಡಗಿ ಮಾಡಬಾರದ ತಪ್ಪೊಂದನ್ನು ಮಾಡಿದ್ದ. ಒಣಗಿದ ಹಲಗೆ ಸಿಗದೆ ಹಸಿ ಹಲಗೆ ಹಾಕಿದ್ದ. ಮೊದಲ ಬೇಸಿಗೆಗೇ ಹಲಗೆಗಳು ಒಣಗಿ ಕುಗ್ಗಿ ಸಂದು ಬಿಟ್ಟುಕೊಂಡವು. ಎಲ್ಲರೆದುರು ಮಾನ ಹೋದ ಹಾಗಾಯಿತು. ತನ್ನ ಕೆಲಸದ ಬಿರುಕಿನಲ್ಲಿ ಮಂದಿ ಕಣ್ಣಿಟ್ಟು ನೋಡುವುದನ್ನು ಯಾವ ಬಡಗಿ ಸಹಿಸುತ್ತಾನೆ? ಅಂದಿನಿಂದ ವರ್ಷ ವರ್ಷವೂ ಡಬ್ಬಿ ಹಿಡಿದು ಬಂದು ತುಂಬುತ್ತಿದ್ದ. "ಬಿಡಿ, ಇರಲಿ" ಅನ್ನುತ್ತಿದ್ದಳು ಹೆಂಡತಿ ಪ್ರತಿ ಸಲವೂ. "ಇರಲಿ ಅಂದ್ರೆ? ನನ್ನ ಹೆಸರು ಏನಾಗ್ಬೇಕು?" ಅವಳು ತುರುಬಿನ ಪಿನ್ನು ಸರಿಮಾಡಿಕೊಳ್ಳುತ್ತಿದ್ದಳು. ಎಲ್ಲ ಸಂದುಗಳೂ ಒಂದಷ್ಟು ತಿಂಗಳು ಹಿಡಿಯುತ್ತಿದ್ದವು, ಕಿಟಕಿಯ ಹತ್ತಿರದ ಒಂದು ಮಾತ್ರ ವಾರದೊಳಗೆ ಬಾಯಿ ತೆರೆಯುತ್ತಿತ್ತು. ಕೂತವರ ಭುಜದ ಎತ್ತರಕ್ಕೆ ಬೆರಳಗಲದ ಜಾಗ. ಇಲಿ ಅಂದುಕೊಂಡ, ಗಾಳಿ ಅಂದುಕೊಂಡ. ಕೊನೆಗೆ ನಾಚಿಕೆಗೆ ಉಪಾಯವಿಲ್ಲದೆ ಬೆಂಚಿನ ಆ ತುದಿಯನ್ನೇ ತನ್ನ ಜಾಗ ಮಾಡಿಕೊಂಡು, ಸಭೆ ನಡೆಯುವಷ್ಟು ಹೊತ್ತೂ ತನ್ನ ಭುಜವನ್ನು ಆ ಬಿರುಕಿಗೆ ಒತ್ತಿ ಮುಚ್ಚಿ ಕೂರುತ್ತಿದ್ದ. ಮುಗಿದು ಕಂಬದ ಹತ್ತಿರ ಬಂದಾಗ ಹೆಂಡತಿ ಅವನ ಭುಜದ ಮೇಲಿನ ಪುಡಿಯನ್ನು ಕೈಯಿಂದ ಕೊಡವುತ್ತಿದ್ದಳು. "ಬಡಗಿ ಮೈಮೇಲೆ ಹೊಟ್ಟು ಇರದೆ ಇನ್ನೇನು ಇರುತ್ತೆ" ಅನ್ನುತ್ತಿದ್ದಳು. ಆ ಕೊಡವುವಿಕೆ ಎಷ್ಟು ಮೆತ್ತಗಿರುತ್ತಿತ್ತೆಂದರೆ ಅವನು ಬೇಕೆಂದೇ ಸ್ವಲ್ಪ ಹೊತ್ತು ನಿಂತಿರುತ್ತಿದ್ದ.

ಈ ಕಡೆಯದು ಮುಗಿಸಿ, ಎರಡೂ ಕಡೆಯಿಂದ ತುಂಬಿ ಎಂದಿದ್ದರಲ್ಲ ಎಂದು ಡಬ್ಬಿ ಹಿಡಿದು ಹೊರಗೆ ಬಂದು, ಕಂಬ ದಾಟಿ, ಎಡಗಡೆಯ ಬಾಗಿಲಿನ ಬೀಗ ತೆಗೆದ. ಗೋಡೆ ನಿಲ್ಲಿಸಿದ ಮೇಲೆ ಅವನು ಆ ಕೋಣೆಗೆ ಕಾಲಿಟ್ಟದ್ದು ಒಂದೇ ಸಲ, ಹೆಂಡತಿಯ ಪೆಟ್ಟಿಗೆ ಇಟ್ಟಿದ್ದಾಗ. ಆವತ್ತು ಪೆಟ್ಟಿಗೆ ಬಿಟ್ಟು ಬೇರೇನೂ ಕಂಡಿರಲಿಲ್ಲ. ಈಗ ನೋಡಿದರೆ ತನ್ನ ಕಡೆಯ ಕೋಣೆಯೇ ಮಗುಚಿ ಇಟ್ಟ ಹಾಗಿತ್ತು: ಅದೇ ಬೆಂಚು, ಅದೇ ಕಿಟಕಿ, ಅರ್ಧ ಮೇಜು, ಗರಗಸದ ಅಂಚು ಗೋಡೆಗೆ. ಹಲಗೆಗಳ ಹಿಂಬದಿ, ಅಡ್ಡಪಟ್ಟಿಗಳು, ತಾನೇ ಬಿಗಿದ ತಿರುಪುಗಳು. ಕೆಲಸ ಶುರುಮಾಡಿ ಕಿಟಕಿಯ ಹತ್ತಿರ ಬಂದಾಗ ಆ ಹಾಳು ಸಂದು ಸಿಕ್ಕಿತು. ಬೆಂಚಿನ ತುದಿಯಲ್ಲಿ ಕೂತು ಬಗ್ಗಿ ನೋಡಿದ. ಇಲಿಯ ಹಲ್ಲಿನ ಗುರುತಲ್ಲ. ಹಲಗೆಯ ಅಂಚಿನಲ್ಲಿ ಒಂದರ ಪಕ್ಕ ಒಂದು ಸಣ್ಣ ಗೀರುಗಳು, ಎರಡೆರಡು ಜೋಡಿಯಾಗಿ, ಹಳೆಯವು ಕಪ್ಪಾಗಿ, ಹೊಸವು ಇನ್ನೂ ಬೆಳ್ಳಗೆ. ಅವನು ಈಗ ಕೂತ ಕಡೆಯಿಂದ ಆಚೆಗೆ ತಳ್ಳಿದ ಗೀರು. ಬಡಗಿಯ ಕಣ್ಣು ಮೊದಲು ಹತಾರ ಯಾವುದೆಂದು ಹುಡುಕಿತು: ತೆಳ್ಳಗೆ, ಎರಡು ಕಾಲಿನದು, ಬಲ ಸಾಲದೆ ಬಗ್ಗಿಹೋಗುವಂಥದ್ದು. ಆಮೇಲೆ ಅವನಿಗೆ ಗೊತ್ತಾಯಿತು. ಗೊತ್ತಾದರೂ ಕೈ ಡಬ್ಬಿಯಲ್ಲಿ ಕಡ್ಡಿ ತಿರುಗಿಸುತ್ತಲೇ ಇತ್ತು. ಅವನು ಈಗ ಕೂತಿರುವುದು ಅವಳ ಜಾಗ. ಸಂದಿನ ಆಚೆಗಿರುವುದು ಬಲಗಡೆಯ ಬೆಂಚಿನ ತುದಿ, ಅವನ ಜಾಗ. ಇಷ್ಟು ವರ್ಷ ಅವರು ಒಂದೇ ಬೆಂಚಿನಲ್ಲಿ ಕೂತವರ ಹಾಗೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು, ನಡುವೆ ಹೆಬ್ಬೆರಳು ದಪ್ಪದ ಹಲಗೆ. ಅವಳು ಪ್ರತಿ ವಾರ ಪಿನ್ನು ತೆಗೆದು ಆ ಪುಡಿಯನ್ನು ಕೆರೆದು ಅವನ ಹೆಗಲ ಮೇಲೆ ಸುರಿದಿದ್ದಳು. ತೆರೆದ ಸಂದಿನಲ್ಲಿ ಅವಳಿಗೆ ಕಂಡದ್ದು ಏನು? ಅಂಗಿಯ ಬಟ್ಟೆ. ಅವನು ಮುಚ್ಚಿಕೊಂಡು ಕೂತಿದ್ದನಲ್ಲ. ಒಂದು ಸಲ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು. ಅವನು ಗೋಡೆಗೆ ಹಣೆಯಿಟ್ಟು ಅತ್ತ. ಮೊದಲು ಕೆಮ್ಮು ಬಂದ ಹಾಗಾಯಿತು, ಆಮೇಲೆ ಅದು ಅಳುವೇ ಎಂದು ಒಪ್ಪಿಕೊಂಡು ಅತ್ತ.

ಡಬ್ಬಿಯ ಮುಚ್ಚಳ ಹಾಕಿ, ಜೇಬಿನಿಂದ ತಿರುಪುಳಿ ತೆಗೆದ. ಮೊದಲ ತಿರುಪು ತುಕ್ಕು ಹಿಡಿದು ಮಿಸುಕಲಿಲ್ಲ. ಎರಡನೆಯದು ಕಿರುಗುಟ್ಟುತ್ತ ತಿರುಗಿತು. ಅಡ್ಡಪಟ್ಟಿಯೊಂದು ಸಡಿಲವಾಗಿ, ಅವಳ ಸಂದಿನ ಪಕ್ಕದ ಹಲಗೆಯನ್ನು ಎತ್ತಿ ತೆಗೆಯುವಾಗ ಬಾಗಿಲಲ್ಲಿ ನೆರಳು ಬಿತ್ತು. ಭಾವಮೈದುನ, ಅವಳ ತಮ್ಮ, ಈಗ ಗುಂಡಿ ಅಂಗಡಿಯ ಯಜಮಾನ. ನಾಳೆಯ ರೊಟ್ಟಿಯ ಬುಟ್ಟಿಗೆ ಹೊಸ ಬಟ್ಟೆ ತಂದಿದ್ದ. ಅವಳ ಹೆಣ ಎತ್ತಿದ ದಿನ, ಯಾರು ಮುಂದೆ ನಡೆಯಬೇಕು ಎನ್ನುವ ವಿಷಯಕ್ಕೆ ಮಾತಾಗಿ, ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

"ಏನು ಮಾಡ್ತಿದ್ದೀರಿ ಭಾವ?"

"ಕಾಣ್ಸಲ್ವಾ?"

"ಹಿರಿಯರಿಗೆ ಹೇಳಿದ್ರಾ?"

"ಕಟ್ಟುವಾಗ ಕೇಳಿದ್ರು, ಹೂಂ ಅಂದೆ. ತೆಗೆಯುವಾಗ ನಾನು ಕೇಳಲ್ಲ." ಹಲಗೆ ಭಾರವಾಗಿತ್ತು, ಹೆಗಲು ಕೊಟ್ಟು ನಿಂತ. "ನೀನು ಇಲ್ಲೇ ಕೂರ್ತೀಯಲ್ಲ ಪ್ರತಿ ವಾರ. ಅಕ್ಕ ಪಿನ್ನಲ್ಲಿ ಏನು ಮಾಡ್ತಿದ್ಲು ಅಂತ ನೋಡಿದ್ದೀಯಾ ಇಲ್ವಾ?"

ಭಾವಮೈದುನ ಬಟ್ಟೆಯನ್ನು ಮಡಚಿ ಮತ್ತೆ ಮಡಚಿದ. "ನೋಡಿದ್ದೀನಿ. ಎಲ್ರೂ ನೋಡಿದ್ದಾರೆ. ಒಂದ್ಸಲ ಬೈದೆ, ಪ್ರಾರ್ಥನೆ ಹೊತ್ತಲ್ಲಿ ಏನಕ್ಕಾ ಇದು ಅಂತ. 'ಅವರ ಉಸಿರು ಕೇಳುತ್ತೆ ಕಣೋ' ಅಂದ್ಲು."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಈ ಕಡೆ ಬಂದ್ರೆ ತಾನೇ ಹೇಳೋದು."

ಬಡಗಿ ಹಲಗೆಯ ಕಡೆಗೆ ತಿರುಗಿದ. "ಈ ತುದಿ ಹಿಡಿ, ಬೀಳುತ್ತೆ" ಅಂದ. ಭಾವಮೈದುನ ಅಲ್ಲೇ ನಿಂತಿದ್ದ. ಕಟ್ಟಳೆಯ ಮನುಷ್ಯ, ಅಪ್ಪ ಬೀದಿ ಸುತ್ತುವುದನ್ನು ಕಂಡರೆ ತಲೆತಗ್ಗಿಸುತ್ತಿದ್ದವನು. "ಅಪ್ಪ ತಟ್ಟೆ ಹಿಡ್ಕೊಂಡು ಹೋಗೋವಾಗ ನನಗೆ ನೆಲ ಬಾಯಿಬಿಟ್ರೆ ಸಾಕು ಅನ್ನಿಸ್ತಿತ್ತು" ಅಂದ ತನಗೇ ಎಂಬಂತೆ. "ಒಂದ್ಸಲ ಬಾಗಿಲು ಹಾಕ್ಬಿಟ್ಟೆ, ವಾಪಸ್ ಬರದ ಹಾಗೆ. ಮಳೇಲಿ ನಿಂತಿದ್ರು. ಏನೂ ಅನ್ಲಿಲ್ಲ." ಹಲಗೆ ಜಾರತೊಡಗಿತು. ಅವನು ಬಟ್ಟೆಯನ್ನು ಬೆಂಚಿನ ಮೇಲೆ ಎಸೆದು ಓಡಿ ಬಂದು ತುದಿ ಹಿಡಿದ. ಆಮೇಲೆ ಇಬ್ಬರೂ ಒಂದೊಂದೇ ಹಲಗೆ ಬಿಚ್ಚಿದರು. "ಮೇಲೆತ್ತು", "ತಡಿ", "ಬೆರಳು ಜೋಪಾನ", ಅಷ್ಟೇ. ಹಲಗೆಗಳನ್ನು ಹಿತ್ತಿಲ ಗೋಡೆಗೆ ಒರಗಿಸಿದರು. ಕಿಟಕಿಯ ಬಿಸಿಲು, ತಡೆದು ನಿಲ್ಲಿಸಿದ್ದವರು ಯಾರೂ ಇಲ್ಲದೆ, ಈ ಗೋಡೆಯಿಂದ ಆ ಗೋಡೆಯವರೆಗೆ ನೆಲದ ಮೇಲೆ ಹಾಸಿಕೊಂಡಿತು. ಕೋಣೆ ಇಷ್ಟು ದೊಡ್ಡದಿತ್ತು ಎಂಬುದು ಇಬ್ಬರಿಗೂ ಮರೆತುಹೋಗಿತ್ತು.

ಮೇಜುಗಳನ್ನು ಎಳೆದು ಗರಗಸದ ಅಂಚಿಗೆ ಅಂಚು ತಾಗಿಸಿದರು. ಸರಿಹೋಗಲಿಲ್ಲ. ಆ ಕಡೆಯ ಮೇಜನ್ನು ಯಾರೋ ಅಲುಗಾಡುತ್ತದೆಂದು ಕಾಲು ಕತ್ತರಿಸಿ ಗಿಡ್ಡ ಮಾಡಿದ್ದರು. ಎಳೆಯೂ ಕೂಡಲಿಲ್ಲ, ಗರಗಸ ತನ್ನ ದಪ್ಪದಷ್ಟು ಮರವನ್ನು ತಿಂದಿತ್ತು, ಅದನ್ನು ಯಾವ ಬಡಗಿಯೂ ವಾಪಸು ತರಲಾರ. ನದಿ ಆ ಜಾಗದಲ್ಲಿ ಒಂದು ಕೂದಲೆಳೆಯಷ್ಟು ತಪ್ಪಿ ಹರಿದಿತ್ತು. ಭಾವಮೈದುನ ಜೇಬು ತಡಕಿ ದಪ್ಪನೆಯ ಕೋಟಿನ ಗುಂಡಿಗಳನ್ನು ತೆಗೆದು, ಗಿಡ್ಡ ಕಾಲುಗಳ ಕೆಳಗೆ ಒಂದರ ಮೇಲೊಂದು ಇಟ್ಟ. "ಈಗ ನೋಡಿ." ಬಡಗಿ ಅಂಗೈ ಇಟ್ಟು ಸವರಿದ. "ಕೆಲಸಕ್ಕೆ ಬರುತ್ತೆ" ಅಂದ. ಆ ಹೊತ್ತಿಗೆ ಕಾರ್ಯದರ್ಶಿ ಬೀಗದ ಕೈ ಕೇಳಲು ಬಂದರು. ಇಲ್ಲದ ಗೋಡೆಯನ್ನು ಕನ್ನಡಕದ ಮೇಲಿನಿಂದ ಒಮ್ಮೆ, ಒಳಗಿನಿಂದ ಒಮ್ಮೆ ನೋಡಿದರು. "ಸಂದು ತುಂಬಿ ಅಂದಿದ್ದೆ ನಾನು" ಅಂದರು. "ಒಂದು ಸಂದೂ ಉಳಿಸಿಲ್ಲ" ಅಂದ ಬಡಗಿ. ಭಾವಮೈದುನ ಗಟ್ಟಿಯಾಗಿ ನಕ್ಕುಬಿಟ್ಟ. ನಕ್ಕದ್ದಕ್ಕೆ ತಾನೇ ಬೆಚ್ಚಿದ. "ಇದು ದೊಡ್ಡ ವಿಷಯ ಆಗುತ್ತೆ ಸಹೋದರರೇ, ನಿಮ್ಮನ್ನ ಸಭೆಯಿಂದಲೇ ತೆಗೀಬಹುದು" ಅಂದರು ಕಾರ್ಯದರ್ಶಿ. ಅದು ಬಡಗಿಗೂ ಗೊತ್ತಿತ್ತು. "ತೆಗೀಲಿ. ನಾಳೆಯ ಊಟ ಒಂದು ಆಗ್ಲಿ. ನೀವು ಯಾವ ಕಡೆ ಅಂತ ಕೇಳಿದ್ರಲ್ಲ, ಈಗ ನಾನು ಕೇಳ್ತೀನಿ, ನೀವು ಬರ್ತೀರಾ?" ಕಾರ್ಯದರ್ಶಿ ಬೀಗದ ಕೈಯನ್ನು ಈಸಿಕೊಂಡು, ಹೂಂ ಅನ್ನದೆ, ಊಹೂಂ ಅನ್ನದೆ ಹೋದರು.

ಬೆಳಿಗ್ಗೆ ಜನ 'ಎಡ' 'ಬಲ' ಎಂದು ಎರಡು ಬಾಗಿಲಿನಿಂದ ಎಂದಿನ ಹಾಗೆ ಬಂದು, ಒಳಗೆ ಒಬ್ಬರ ಮುಖ ಒಬ್ಬರು ಕಂಡು ನಿಂತುಬಿಟ್ಟರು. ಕೆಲವರು ಅಲ್ಲಿಂದಲೇ ತಿರುಗಿ ಹೋದರು, ಎರಡೂ ಕಡೆಯವರು ಇದ್ದರು ಅವರಲ್ಲಿ. ಮುಂದಿನ ಸಾಲಿನ ಅಜ್ಜಿ ಮೇಜಿನ ಆ ತುದಿಯಲ್ಲಿ ಒಬ್ಬ ಮುದುಕಿಯನ್ನು ಕಂಡು, "ಅಯ್ಯೋ, ನೀನಿನ್ನೂ ಇದ್ದೀಯಾ!" ಎಂದು ಕೂಗಿ, ಅದೇ ಗಳಿಗೆಯಲ್ಲಿ ಹೋಗಿ ಪಕ್ಕದಲ್ಲಿ ಕೂತಳು. ಅದನ್ನು ನೋಡಿ ಮತ್ತೊಬ್ಬರು ಕೂತರು. ಸಭಾಪಾಲಕರು ಬಾಗಿಲಲ್ಲಿ ಬಹಳ ಹೊತ್ತು ನಿಂತು, ಬೆವರು ಒರೆಸಿಕೊಂಡು ಒಳಗೆ ಬಂದು ಪ್ರಸಂಗವನ್ನು ಒಂದೇ ಸಲ ಮಾಡಿದರು. ತಮಾಷೆಯ ಮಾತಿಗೆ ಎಲ್ಲರೂ ಒಟ್ಟಿಗೆ ನಕ್ಕಾಗ ಅವರಿಗೆ ಮುಂದಿನ ವಾಕ್ಯ ಮರೆತುಹೋಯಿತು. ಮುಗಿಯುವ ಹೊತ್ತಿಗೆ ಕಾರ್ಯದರ್ಶಿಯವರೂ ಬಂದು ಯಾರ ಮುಖವನ್ನೂ ನೋಡದೆ ತುದಿಯಲ್ಲಿ ಕೂತರು. ಮೇಜು ಕೂಡಿದ ಜಾಗದಲ್ಲಿ ಬಡಗಿ ಕೂತಿದ್ದ. ಅವನ ಪಕ್ಕದ ಜಾಗ ಖಾಲಿ, ಅದರಾಚೆ ಭಾವಮೈದುನ. ರೊಟ್ಟಿ ಆ ತುದಿಯಿಂದ ಕೈಯಿಂದ ಕೈಗೆ ಬಂತು. ಭಾವಮೈದುನ ಖಾಲಿ ಜಾಗದ ಮೇಲಿಂದ ಕೈಚಾಚಿ ಒಂದು ತುಂಡು ಮುರಿದು ಕೊಟ್ಟ, ಪುಡಿ ಉದುರಿ ಆ ಗರಗಸದ ಸಂದಿನೊಳಗೆ ಇಳಿಯಿತು. ಆಮೇಲೆ ಊಟ, ಗಲಾಟೆ, ಯಾರದೋ ಲೋಟ ಉರುಳಿತು, ಯಾರೋ ಬೈದರು. ತಟ್ಟೆಗಳನ್ನು ಎತ್ತಿ ಮೇಜು ಒರೆಸುತ್ತ ಬಂದ ಮಗಳು ಸಂದಿನಲ್ಲಿ ಸಿಕ್ಕಿಕೊಂಡ ರೊಟ್ಟಿಯ ಪುಡಿ ನೋಡಿ, ಬಟ್ಟೆಗೆ ಬರದಿದ್ದರಿಂದ, ತುರುಬಿನಿಂದ ಪಿನ್ನು ಕಿತ್ತು ಬಗ್ಗಿದಳು.

ಬಡಗಿ ಅವಳ ಕೈ ಹಿಡಿದುಕೊಂಡ.

"ಬಿಡು, ಇರಲಿ" ಅಂದ.